ದಾವಣಗೆರೆ ಬಿಸಿಲಲ್ಲಿ ಬೆಣ್ಣೆ ಸೇವಂತಿಗೆ: ಕಪ್‌ಕೇಕ್ ಮೇಲೆ ನಾನು ಹೂವು ಮಾಡೋ ರೀತಿ

ಬಟರ್‌ಕ್ರೀಮ್, ಅಂದ್ರೆ ಬೆಣ್ಣೆ ಸಕ್ಕರೆ ಬೀಟ್ ಮಾಡಿದ ಕ್ರೀಮ್, ಅದರ ಹೂವಿನ ವಿಡಿಯೋ ನೋಡ್ತೀವಲ್ಲ, ಹೆಚ್ಚಿನವು ತಂಪು ದೇಶದಲ್ಲಿ ಮಾಡಿರೋವು, ಅಲ್ಲಿ "ರೂಮ್ ಟೆಂಪರೇಚರ್ ಬೆಣ್ಣೆ" ಅಂದ್ರೆ 20 ಡಿಗ್ರಿ ಆಸುಪಾಸು. ನಮ್ಮ ದಾವಣಗೆರೆಯಲ್ಲಿ ಏಪ್ರಿಲ್ ಬಂತು ಅಂದ್ರೆ ಮಧ್ಯಾಹ್ನ ಅಡುಗೆಮನೆ ಒಳಗೇ 34-35 ಇರತ್ತೆ, ಬೆಣ್ಣೆ ಪೂರ್ತಿ ಕರಗೋದೂ ಹೆಚ್ಚುಕಮ್ಮಿ ಅಷ್ಟಕ್ಕೇ. ಅವರು ಹೇಳಿದಂಗೆ ಒಂದು ತಾಸು ಹೊರಗಿಟ್ರೆ ಬಟ್ಟಲಲ್ಲೇ ಎಣ್ಣೆ ಬಿಡತ್ತೆ. ಎಸಳು ನಿಲ್ತಿಲ್ಲ ಅಂತ ಸುಮಾರು ಜನ ಕೈ ಪಳಗಿಲ್ಲ ಅಂದ್ಕೊಂಡು ಬಿಟ್ಟುಬಿಡ್ತಾರೆ, ಕೈಗೂ ಅದಕ್ಕೂ ಅಷ್ಟು ಸಂಬಂಧ ಇಲ್ಲ, ಕ್ರೀಮಿನ ಹದ ಸರಿ ಇದ್ರೆ ಮೊದಲ ಸಲ ಕ್ರೀಮ್ ಒತ್ತೋ ನಾಝಲ್ ಹಿಡಿದವರಿಗೂ ಹೂವು ಬರತ್ತೆ. ನಮ್ಮನೇಲಿ ಎ.ಸಿ ಇಲ್ಲ, ಒಂದು ಮಾಮೂಲಿ ಫ್ರಿಜ್ ಇದೆ, ಅಷ್ಟರಲ್ಲೇ ನಾನು ಹೇಗೆ ಮಾಡ್ತೀನಿ ಅಂತ ಹೇಳ್ತೀನಿ.

ಮೊದಲು ಬೆಣ್ಣೆ. ಬೆಣ್ಣೆ ದೋಸೆ ಊರು ನಮ್ಮದು, ಒಳ್ಳೆ ಬೆಣ್ಣೆ ಇಲ್ಲೇ ಸಿಗತ್ತಲ್ಲ ಅದನ್ನೇ ಹಾಕಬಹುದಲ್ವಾ ಅಂತ ಕೇಳ್ತಾರೆ. ದೋಸೆಗೆ ಅದನ್ನ ಬಿಟ್ರೆ ಬೇರೆ ಇಲ್ಲ, ಆದ್ರೆ ಕಡೆದು ತೆಗೆದ ಬೆಣ್ಣೆಯಲ್ಲಿ ಮಜ್ಜಿಗೆ ನೀರು ಉಳಿದಿರತ್ತೆ, ಒಂದು ಉಂಡೆಯಲ್ಲಿ ಜಾಸ್ತಿ ಇನ್ನೊಂದರಲ್ಲಿ ಕಮ್ಮಿ, ಬೀಟ್ ಮಾಡ್ತಾ ಮಾಡ್ತಾ ನೀರು ಬೇರೆ ಆಗತ್ತೆ, ಹುಳಿ ವಾಸನೆನೂ ಬರತ್ತೆ. ಬ್ರೆಡ್‌ಗೆ ಹಚ್ಚೋ ಉಪ್ಪಿನ ಬೆಣ್ಣೆನೂ ಬೇಡ, ಉಪ್ಪು ಎದ್ದು ಕಾಣತ್ತೆ, ಹಳದಿ ಬಣ್ಣ ಬೇರೆ. ಪ್ಯಾಕೆಟ್‌ನಲ್ಲಿ ಬರೋ ಅನ್‌ಸಾಲ್ಟೆಡ್ ಬೆಣ್ಣೆನೇ ಬೇಕು, ನಂದಿನಿ ಆಗಲಿ ಅಮುಲ್ ಆಗಲಿ, ಅದರಲ್ಲಿ ಕೊಬ್ಬು 80%ಗಿಂತ ಕಮ್ಮಿ ಇರಲ್ಲ, ಪ್ರತಿ ಸಲ ಒಂದೇ ಥರ ಇರತ್ತೆ.

ಇನ್ನು ಯಾವ ಕ್ರೀಮ್ ಅನ್ನೋದು. ಬೆಣ್ಣೆ ಒಂದು ಪಾಲು ಐಸಿಂಗ್ ಶುಗರ್ ಎರಡು ಪಾಲು ಹಾಕಿ ಮಾಡೋ ಅಮೆರಿಕನ್ ಬಟರ್‌ಕ್ರೀಮ್ ಸುಲಭ, ಎಸಳೂ ನಿಲ್ಲತ್ತೆ, ಆದ್ರೆ ಸಿಹಿ ಗಂಟಲಿಗೆ ಹತ್ತತ್ತೆ, ದೊಡ್ಡವರು ಹೂವನ್ನ ಪಕ್ಕಕ್ಕೆ ತೆಗೆದಿಟ್ಟು ಕೇಕ್ ಅಷ್ಟೇ ತಿಂತಾರೆ, ಕಷ್ಟಪಟ್ಟು ಮಾಡಿದ ಹೂವನ್ನ ಹಾಗೆ ಬಿಟ್ರೆ ನನಗೆ ತುಂಬ ಬೇಜಾರಾಗತ್ತೆ. ಮೊಟ್ಟೆ ಬಿಳಿ, ಸಕ್ಕರೆ ಎರಡನ್ನೂ ಬಿಸಿನೀರ ಮೇಲಿಟ್ಟು 71 ಡಿಗ್ರಿಗೆ ತಂದು ಬೀಟ್ ಮಾಡೋ ಸ್ವಿಸ್ ಮೆರಿಂಗ್ ಕ್ರೀಮ್ ರೇಷ್ಮೆ ಥರ ಬರತ್ತೆ, ಹೂವಿಗೆ ಹೇಳಿ ಮಾಡಿಸಿದ್ದು, ಆದ್ರೆ ನನಗೆ ಬರೋ ಆರ್ಡರ್ ಎಲ್ಲ ಸೀಮಂತ, ನಾಮಕರಣ, ಗೃಹಪ್ರವೇಶ, ಅಲ್ಲಿ ಮೊಟ್ಟೆ ನಡೆಯಲ್ಲ. ಅಂಗಡಿಯ ವಿಪ್ಪಿಂಗ್ ಕ್ರೀಮ್ ಹಗುರ ಹೌದು, ಎಸಳಿನ ಅಂಚು ಮಾತ್ರ ಮೊಂಡಾಗಿ ಬರತ್ತೆ.

ಅದಕ್ಕೇ ನಾನು ನಂಬಿರೋದು ಮೈದಾ, ಹಾಲು ಕಾಯಿಸಿ ಮಾಡೋ ಅರ್ಮಿನ್ (ermine) ಬಟರ್‌ಕ್ರೀಮ್. ಅಮೆರಿಕದಲ್ಲಿ ರೆಡ್ ವೆಲ್ವೆಟ್ ಕೇಕ್‌ಗೆ ಕ್ರೀಮ್ ಚೀಸ್ ಹಾಕೋದು ರೂಢಿಯಾಗೋ ಮುಂಚೆ ಹಚ್ಚುತ್ತಿದ್ದದ್ದು ಇದನ್ನೇ. ನಮ್ಮ ಕಡೆ ಇದನ್ನ ಯಾಕೆ ಇಷ್ಟು ಕಮ್ಮಿ ಮಾಡ್ತಾರೋ ಗೊತ್ತಿಲ್ಲ, ಮೊಟ್ಟೆ ಇಲ್ಲ, ಐಸಿಂಗ್ ಶುಗರ್ ಇಲ್ಲ, ಎಲ್ಲ ಮನೇಲಿರೋ ಸಾಮಾನೇ. 40 ಗ್ರಾಂ ಮೈದಾ, 200 ಗ್ರಾಂ ಮಾಮೂಲಿ ಸಕ್ಕರೆ ಬಾಣಲೆಗೆ ಹಾಕಿ ಒಂದೆರಡು ನಿಮಿಷ ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗೋ ಹಾಗೆ ಆಡಿಸಿ, ಹಾಲು ಸ್ವಲ್ಪ ಸ್ವಲ್ಪ ಹಾಕ್ತಾ ಗಂಟಾಗದ ಹಾಗೆ ತಿರುವಬೇಕು. ರೆಸಿಪಿಗಳಲ್ಲಿ ಹಾಲು 240-250 ಎಂ.ಎಲ್ ಇರತ್ತೆ, ಬೇಸಿಗೆಯಲ್ಲಿ ಹೂವಿಗೆ ಅಂದ್ರೆ ನಾನು 200ಕ್ಕೇ ನಿಲ್ಲಿಸ್ತೀನಿ. ಮಗುಗೆ ತಿನ್ನಿಸೋ ರಾಗಿ ಸರಿಗಿಂತ ಒಂಚೂರು ಗಟ್ಟಿ ಆದಾಗ ಇಳಿಸಿ, ಕ್ಲಿಂಗ್ ರ್‍ಯಾಪ್ ಅದರ ಮೈಗೇ ತಾಗೋ ಹಾಗೆ ಮುಚ್ಚಿ, ಇಲ್ಲಾಂದ್ರೆ ಕೆನೆ ಕಟ್ಟಿ ಅದೇ ನಾಝಲ್‌ನಲ್ಲಿ ಸಿಕ್ಕಾಕ್ಕೊಳ್ಳತ್ತೆ. ಇದು ಪೂರ್ತಿ ಆರಬೇಕು, ಬೆಚ್ಚಗಿದೆ ಅನ್ನೋ ಅನುಮಾನ ಇದ್ರೂ ಬೆಣ್ಣೆಗೆ ಹಾಕಬೇಡಿ. ನಾನು ಹಿಂದಿನ ರಾತ್ರಿನೇ ಮಾಡಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಸ್ವಲ್ಪ ಮುಂಚೆ ತೆಗೆದಿಡ್ತೀನಿ.

ಬೆಣ್ಣೆ 225-250 ಗ್ರಾಂ. ಬೆರಳಿಟ್ಟು ಒತ್ತಿದ್ರೆ ಗುಳಿ ಬೀಳಬೇಕು ಆದ್ರೆ ಬೆರಳಿಗೆ ಎಣ್ಣೆ ಮೆತ್ಕೋಬಾರದು, ಅದೇ ಹದ. ಅದೊಂದನ್ನೇ ಬೀಟರ್‌ನಲ್ಲಿ ಬಿಳುಪಾಗೋವರೆಗೂ ಹೊಡೆದು, ಆಮೇಲೆ ಆರಿದ ಮೈದಾ ಸರಿ ಚಮಚ ಚಮಚವಾಗಿ, ಕೊನೆಗೆ ವೆನಿಲಾ, ಚಿಟಿಕೆ ಉಪ್ಪು. ಒಡೆದ ಹಾಗೆ ಕಂಡ್ರೆ ಹೆದರಬೇಡಿ, ತುಂಬ ತಣ್ಣಗಿದೆ ಅಂತ ಅರ್ಥ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಬಟ್ಟಲ ಸುತ್ತ ಹಿಡಿದು ಬೀಟ್ ಮಾಡ್ತಾ ಇರಿ ಕೂಡ್ಕೊಳ್ಳತ್ತೆ. ನೀರಾಗಿ ಹರಿಯೋ ಥರ ಇದ್ರೆ ಹತ್ತು ನಿಮಿಷ ಫ್ರಿಜ್, ಮತ್ತೆ ಬೀಟರ್.

ಎಲ್ಲರೂ ಗುಲಾಬಿಯಿಂದ ಶುರು ಮಾಡ್ತಾರೆ, ನಾನು ಸೇವಂತಿಗೆಯಿಂದ ಮಾಡಿ ಅಂತೀನಿ. ಗುಲಾಬಿಗೆ 104 ನಂಬರ್ ನಾಝಲ್, ಹೂವು ಮಾಡ್ತಾ ತಿರುಗಿಸೋಕೆ ಫ್ಲವರ್ ನೇಲ್, ಬಟರ್ ಪೇಪರ್, ಮಾಡಿದ ಹೂವು ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿ ಆಮೇಲೆ ಕಪ್‌ಕೇಕ್ ಮೇಲೆ ಕೂರಿಸೋದು, ಅಷ್ಟೊತ್ತಿಗೆ ನಮ್ಮ ಬಿಸಿಲಲ್ಲಿ ಪೈಪಿಂಗ್ ಬ್ಯಾಗ್‌ನಲ್ಲಿರೋ ಕ್ರೀಮ್ ಸಡಿಲ ಆಗಿರತ್ತೆ. ಸೇವಂತಿಗೆಗೆ 81 ನಂಬರ್ ಸಾಕು, ಅರ್ಧಚಂದ್ರ ಥರದ ಬಾಯಿ ಇರೋದು, ಸೀದಾ ಕಪ್‌ಕೇಕ್ ಮೇಲೇನೇ ಮಾಡಬಹುದು.

ಮಾರ್ಕೆಟ್‌ನಿಂದ ಒಂದು ಹಳದಿ ಸೇವಂತಿಗೆ ತಂದು ಪಕ್ಕದಲ್ಲಿಟ್ಕೊಳ್ಳಿ, ಫೋಟೋ ಬೇಡ, ಹೂವೇ ಇರಲಿ. ಬಿಡಿಸಿ ನೋಡಿದ್ರೆ ಗೊತ್ತಾಗತ್ತೆ, ಹೊರಗಿನ ಎಸಳು ಉದ್ದ, ಹೊರಕ್ಕೆ ಬಾಗಿರತ್ತೆ, ಒಳಗೆ ಹೋದ ಹಾಗೆ ಗಿಡ್ಡ ಆಗ್ತಾ ನೆಟ್ಟಗೆ ನಿಲ್ಲತ್ತೆ, ನಡುಮಧ್ಯೆ ಇನ್ನೂ ಮುಚ್ಕೊಂಡು ಸ್ವಲ್ಪ ಹಸಿರು ಛಾಯೆ. ಅದನ್ನೇ ಮಾಡಬೇಕು. ಮೊದಲು ಕಪ್‌ಕೇಕ್ ಮೇಲೆ ತೆಳ್ಳಗೆ ಕ್ರೀಮ್ ಹಚ್ಚಿ ನಡುವೆ ಒಂದು ಸಣ್ಣ ಗುಡ್ಡೆ ಇಡಿ. ನಾಝಲ್‌ನ ಗುಳಿ ಇರೋ ಕಡೆ ಒಳಮುಖ, ಅಂಚಿನಿಂದ ಶುರು, ಒತ್ತಿ, ಹೊರಗೆ ಎಳೆದು, ಒತ್ತೋದು ನಿಲ್ಲಿಸಿ ಆಮೇಲೇ ಕೈ ತೆಗೀಬೇಕು, ಒತ್ತುತ್ತಾ ತೆಗೆದ್ರೆ ಎಸಳಿಗೆ ಬಾಲ ಬರತ್ತೆ. ಎರಡನೇ ಸಾಲು ಮೊದಲ ಸಾಲಿನ ಸಂದಿಯಲ್ಲಿ ಬರಲಿ, ಒಂಚೂರು ಗಿಡ್ಡ, ಒಂಚೂರು ನೆಟ್ಟಗೆ, ಹೀಗೇ ನಡುವಿನವರೆಗೆ. ಎಲ್ಲ ಎಸಳೂ ಒಂದೇ ಅಳತೆ ಬಂದ್ರೆ ಅಚ್ಚಲ್ಲಿ ಒತ್ತಿದ ಹಾಗೆ ಕಾಣತ್ತೆ, ಎರಡು ಮೂರು ಎಸಳು ಓರೆ ಇದ್ರೇನೇ ಚಂದ. ಎಲೆಗೆ 352 ನಂಬರ್ ನಾಝಲ್, ಅದು ಕೊನೆಗೆ, ಎರಡೇ ಎಲೆ ಸಾಕು.

ಕೈ ಬಿಸಿ ದೊಡ್ಡ ವಿಷಯ. ಬ್ಯಾಗ್ ಅರ್ಧಕ್ಕಿಂತ ಕಮ್ಮಿ ತುಂಬ್ತೀನಿ, ಒಂದೇ ಬಣ್ಣ ಎರಡು ಬ್ಯಾಗ್‌ಗೆ ಹಾಕಿ ಒಂದು ಕೈಯಲ್ಲಿ, ಒಂದು ಫ್ರಿಜ್‌ನಲ್ಲಿ, ಎಸಳಿನ ಅಂಚು ಹೊಳೆಯೋಕೆ ಶುರುವಾದ ತಕ್ಷಣ ಬದಲಾಯಿಸೋದು. ಕೈಗೆ ತೆಳು ಕಾಟನ್ ಗ್ಲೌಸ್, ಮೇಲೆ ಪ್ಲಾಸ್ಟಿಕ್ ಗ್ಲೌಸ್. ಕೆಲಸ ಎಲ್ಲ ಬೆಳಿಗ್ಗೆ ಎಂಟರೊಳಗೆ.

ಬಣ್ಣ ಜೆಲ್‌ದೇ ಇರಲಿ, ನೀರಿನ ಬಣ್ಣ ಕ್ರೀಮ್‌ನ ಸಡಿಲ ಮಾಡತ್ತೆ. ಹಳದಿ ಸೇವಂತಿಗೆಗೆ ಬೆಣ್ಣೆಯ ಬಣ್ಣನೇ ಅರ್ಧ ಕೆಲಸ ಮಾಡಿರತ್ತೆ. ಬಿಳಿ ಬೇಕು ಅಂದ್ರೆ ಕಡ್ಡಿ ತುದಿಯಷ್ಟು ನೇರಳೆ ಹಾಕಿ, ಹಳದಿ ಹೊಡೆದುಹಾಕತ್ತೆ. ಇಟ್ಟ ಹಾಗೆ ಬಣ್ಣ ಗಾಢ ಆಗತ್ತೆ, ಅದಕ್ಕೆ ಒಂದು ಛಾಯೆ ಕಮ್ಮಿ ಇರುವಾಗಲೇ ನಿಲ್ಲಿಸೋದು. ಕಡು ಕೆಂಪು ಹೂವು ನಾನು ಒಪ್ಕೊಳ್ಳಲ್ಲ, ಅಷ್ಟು ಬಣ್ಣ ಹಾಕಿದ್ರೆ ಕಹಿ ಬರತ್ತೆ.

ಕಪ್‌ಕೇಕ್ ಎಣ್ಣೆ, ಮೊಸರು ಹಾಕಿ ಮಾಡಿದ್ದೇ ಇರಲಿ. ಹೂವಿಗೋಸ್ಕರ ಫ್ರಿಜ್‌ನಲ್ಲಿ ಇಡಲೇಬೇಕು, ಬೆಣ್ಣೆ ಹಾಕಿದ ಕೇಕ್ ಅಲ್ಲಿ ಗಟ್ಟಿ ಆಗತ್ತೆ, ಎಣ್ಣೆದು ಮೆತ್ತಗೇ ಇರತ್ತೆ. ಕೇಕ್ ಪೂರ್ತಿ ಆರಿರಬೇಕು.

ಕಳಿಸೋ ಮುಂಚೆ ಕನಿಷ್ಠ ಒಂದು ತಾಸು ಫ್ರಿಜ್‌ನಲ್ಲಿಟ್ಟು, ಗುಳಿ ಇರೋ ಕಪ್‌ಕೇಕ್ ಬಾಕ್ಸ್‌ಗೆ ಹಾಕಿ, ಆ ಬಾಕ್ಸ್‌ನ ಥರ್ಮಾಕೋಲ್ ಡಬ್ಬದಲ್ಲಿ ಐಸ್ ಆದ ನೀರಿನ ಬಾಟಲ್ ಜೊತೆ ಇಡ್ತೀನಿ, ಬಾಟಲ್‌ಗೆ ಬಟ್ಟೆ ಸುತ್ತಿರಬೇಕು ಇಲ್ಲಾಂದ್ರೆ ಬಾಕ್ಸ್ ಒದ್ದೆ. ತಗೊಂಡು ಹೋಗೋರಿಗೆ ಒಂದು ಮಾತು ತಪ್ಪದೆ ಹೇಳ್ತೀನಿ, ಫಂಕ್ಷನ್ ಮುಗಿಯೋವರೆಗೂ ಫ್ಯಾನ್ ಕೆಳಗೆ ಟೇಬಲ್ ಮೇಲೆ ಜೋಡಿಸಿಡಬೇಡಿ, ಫ್ರಿಜ್‌ನಿಂದ ತೆಗೆದು ಬೇಸಿಗೆಯಲ್ಲಿ ಹತ್ತು ನಿಮಿಷ, ಚಳಿಗಾಲ ಆದ್ರೆ ಅರ್ಧ ಗಂಟೆ ಬಿಟ್ಟು ಕೊಡಿ, ಅಷ್ಟೊತ್ತಿಗೆ ಹೂವು ಬಾಯಲ್ಲಿ ಕರಗೋ ಹದಕ್ಕೆ ಬಂದಿರತ್ತೆ.