ಇಗರ್ಜಿ (ಚರ್ಚ್) ಸಭಾಭವನದಲ್ಲಿ ಸಂವಿಧಾನ ಓದಿಸುವ ಬಗೆ

ನವೆಂಬರ್ 26ರ ಹತ್ತಿರದ ಒಂದು ಭಾನುವಾರ ಗೊತ್ತು ಮಾಡಿಕೊಳ್ಳಿ. 1949ರಲ್ಲಿ ಸಂವಿಧಾನ ಅಂಗೀಕಾರವಾದ ದಿನ ಅದು. ಬೆಳಗ್ಗಿನ ಪೂಜೆ ಮುಗಿದ ಕೂಡಲೇ ಕೂತರೆ ಜನ ಸಿಗುತ್ತಾರೆ. ವಾರ್ಡಿನ ಮುಖಂಡರಾದ ಗುರಿಕಾರರಿಗೆ ಮೊದಲೇ ಹೇಳಿಡಿ. ಭಾಷಣಕ್ಕೆ ಯಾರನ್ನೂ ಕರೆಯಬೇಡಿ.

ಮಂಗಳೂರಲ್ಲೇ ಹುಟ್ಟಿದ ಇಬ್ಬರಿಂದ ಶುರು ಮಾಡಿ. ಬೆನೆಗಲ್ ನರಸಿಂಗ ರಾಯರು ಸಂವಿಧಾನ ಸಭೆಯ ಸಲಹೆಗಾರರು, ಮೊದಲ ಕರಡು ಅವರದ್ದು. ಇನ್ನೊಬ್ಬರು ಯೇಸುಸಭೆಯ ಪಾದ್ರಿ ಜೆರೋಮ್ ಡಿಸೋಜರು, ಮದ್ರಾಸಿನಿಂದ ಸಂವಿಧಾನ ಸಭೆಗೆ ಹೋದ ಸದಸ್ಯರು. ನಮ್ಮೂರಿನವರು ಅಂದ ಕೂಡಲೇ ನಮ್ಮ ಯುವಜನರು ಕಿವಿ ಕೊಡುವುದನ್ನು ಕಂಡಿದ್ದೇನೆ.

ಮುಂದಿನದಕ್ಕೆ ಜಾಸ್ತಿ ಹೊತ್ತು ಕೊಡಿ. ಸಂವಿಧಾನ ಸಭೆಯಲ್ಲಿ 1949ರ ಮೇ 25 ಮತ್ತು 26ರಂದು ನಡೆದ ಚರ್ಚೆಯ ಕೆಲವು ಪುಟ ಪ್ರಿಂಟ್ ಹಾಕಿಸಿ. ಲೋಕಸಭೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಇಂಗ್ಲಿಷಿನಲ್ಲಿದೆ, ಆದ್ದರಿಂದ ಒಬ್ಬರು ಓದಲಿ, ಪಕ್ಕದವರು ಕೊಂಕಣಿಯಲ್ಲೋ ಕನ್ನಡದಲ್ಲೋ ಹೇಳಲಿ. ಧರ್ಮದ ಆಧಾರದಲ್ಲಿ ಅಲ್ಪಸಂಖ್ಯಾತರಿಗೆ ಶಾಸನಸಭೆಯಲ್ಲಿ ಸೀಟು ಕಾಯ್ದಿಡುವುದು ಬೇಡ ಎಂಬ ಗೊತ್ತುವಳಿಯನ್ನು ಆ ಸಭೆಯ ಸಲಹಾ ಸಮಿತಿಯಲ್ಲಿ ತಂದವರು ಎಚ್. ಸಿ. ಮುಖರ್ಜಿ. ಬಂಗಾಳದ ಕ್ರೈಸ್ತರು, ಸಂವಿಧಾನ ಸಭೆಯ ಉಪಾಧ್ಯಕ್ಷರು. ಪರಿಶಿಷ್ಟರ ಮೀಸಲು ಮಾತ್ರ ಉಳಿಯಿತು. ಓದಿದ ಮೇಲೆ ಕೇಳಿ: ಕೈಗೆ ಬಂದ ಸೀಟು ಬಿಟ್ಟವರು ಯಾರನ್ನು ನಂಬಿ ಬಿಟ್ಟರು? ನಾವು ನೆರೆಯವರನ್ನು ಅಷ್ಟು ನಂಬುತ್ತೇವಾ? ಉತ್ತರ ಬರುವವರೆಗೆ ಸುಮ್ನೆ ಕಾಯಿರಿ. ಜಗಳ ಬಂದರೂ ಬರಲಿ. ನನ್ನ ಮಟ್ಟಿಗೆ ಪ್ರಸ್ತಾವನೆಯ ಭ್ರಾತೃತ್ವಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಇಲ್ಲ.

ಆಮೇಲೆ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿರುವ, ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನನ್ನು ಆರೈಕೆ ಮಾಡಿದ ಸಮಾರ್ಯದವನ ಕಥೆ ಓದಿಸಿ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಶುರು ಮಾಡಿದ್ದು ಎಲ್ಲರಿಗೂ ಗೊತ್ತು, ಅಲ್ವಾ? ಅದರ ಜೊತೆಗೆ ಸಂವಿಧಾನದ 47ನೇ ವಿಧಿಯನ್ನೂ ಓದಿ. ಜನರ ಆರೋಗ್ಯ ಸುಧಾರಿಸುವುದು ಸರಕಾರದ ಕರ್ತವ್ಯ ಎನ್ನುತ್ತದೆ ಅದು. ದಾನ ಬೇಕು, ಖಂಡಿತ ಬೇಕು. ಆದರೆ ಹಕ್ಕಾಗಿ ಸಿಗಬೇಕಾದ್ದನ್ನೂ ನಾವೇ ದಾನವಾಗಿ ಕೊಡುತ್ತಾ ಕೂತರೆ ಬಡವರು ಕೈಚಾಚುತ್ತಲೇ ಇರಬೇಕಾಗುತ್ತದೆ.

ಕೊನೆಯ ಅರ್ಧ ಗಂಟೆ ಕೆಲಸಕ್ಕೆ ಇಡಿ. ಬಡವರಿಗೆ ನೆರವಾಗುವ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಭೇಟಿ ಕೊಡುವ ಮನೆಗಳಲ್ಲಿ ಯಾರಿಗೆ ವೋಟರ್ ಕಾರ್ಡಿಲ್ಲ, ಯಾರಿಗೆ ವಿಧವಾ ವೇತನವೋ ಸಂಧ್ಯಾ ಸುರಕ್ಷಾವೋ ಬರುತ್ತಿಲ್ಲ ಎಂದು ಅವರನ್ನೇ ಕೇಳಿ. ಆ ಹೆಸರುಗಳನ್ನು ಸಭೆಯಲ್ಲಿ ಜೋರಾಗಿ ಓದಬೇಡಿ. ಒಂದೊಂದು ಮನೆಗೆ ಇಬ್ಬರು ಯುವಕರನ್ನು ಜೋಡಿಸಿ, ಅರ್ಜಿ ತುಂಬಿಸಿ, ನಾಡಕಚೇರಿಗೆ ಜೊತೆಯಲ್ಲೇ ಹೋಗಲು ಹೇಳಿ. ಅರ್ಜಿ ಕೊಟ್ಟ ರಸೀದಿ ಆ ಮನೆಯವರ ಕೈಯಲ್ಲೇ ಇರಲಿ.