ಲೋಡ್ ಸೆಲ್ ಟೋ ಬ್ರೇಕ್: ಆಗದು ಎಂದವರ ನಡುವೆ ಮಾಡಿ ಮುಗಿಸಿದ ನನ್ನ ಅನುಭವ

ಮನೆಯ ಫ್ಲೈಟ್ ಸಿಮ್ಯುಲೇಟರ್‌ಗೆ ಟೋ ಬ್ರೇಕನ್ನು, ಅಂದರೆ ಪೆಡಲ್‌ನ ಮೇಲ್ಭಾಗವನ್ನು ಪಾದದ ತುದಿಯಿಂದ ಒತ್ತಿ ಹಿಡಿಯುವ ಬ್ರೇಕನ್ನು, ನಾನೇ ಮಾಡಿಕೊಂಡೆ. ಒತ್ತುವ ಬಲವನ್ನು ಅಳೆಯುವುದು ಲೋಡ್ ಸೆಲ್, ಅದರ ಸಂಕೇತವನ್ನು ಅಂಕಿಯಾಗಿಸುವುದು ಎಚ್‌ಎಕ್ಸ್ 711 ಎಂಬ ಚಿಪ್. ಮೈಸೂರಿನ ರನ್‌ವೇ 1,740 ಮೀಟರ್. ಎಟಿಆರ್ 72-600 ವಿಮಾನದಲ್ಲಿ ಆಟೋಬ್ರೇಕ್ (ಇಳಿದ ಮೇಲೆ ತಾನೇ ಬ್ರೇಕ್ ಹಿಡಿಯುವ ವ್ಯವಸ್ಥೆ) ಇಲ್ಲ. ಹಾಗಾಗಿ ಸಿಮ್ಯುಲೇಟರ್‌ನಲ್ಲಿ ಅಲ್ಲಿ ಇಳಿದ ಮೇಲೆ ಬ್ರೇಕ್ ಹಿಡಿಯುವುದು ಬರೀ ಕಾಲಿನ ಕೆಲಸ. ಎರಡೂ ಪಾದ ಸಮನಾಗಿ ಒತ್ತಬೇಕು. ಒಂದು ಕಾಲು ತುಸು ಮುಂದಾದರೂ ಮೂಗು ಆ ಕಡೆಗೆ ಎಳೆಯುತ್ತದೆ. ಈಗ ನನ್ನ ಪೆಡಲ್‌ಗಳಲ್ಲಿ ವಿಮಾನ ನಡುಗೆರೆಯ ಮೇಲೆಯೇ ನಿಲ್ಲುತ್ತದೆ, ರನ್‌ವೇ ಇನ್ನೂ ಸಾಕಷ್ಟು ಉಳಿದಿರುತ್ತದೆ. 'ಲೋಡ್ ಸೆಲ್ ಕಾರ್ ರೇಸಿನವರಿಗೆ, ನಮಗಲ್ಲ' ಎಂದವರೂ 'ಎಚ್‌ಎಕ್ಸ್ 711 ತರಕಾರಿ ತೂಗುವ ಚಿಪ್, ಅದರಲ್ಲಿ ವಿಮಾನ ನಿಲ್ಲಿಸುತ್ತೀರಾ' ಎಂದವರೂ ಈಗ ಅಳತೆ ಕೇಳುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆರ್ಡುಯಿನೋಗೆ (ಪುಟ್ಟ ನಿಯಂತ್ರಕ ಹಲಗೆಗೆ) ಪ್ರೋಗ್ರಾಂ ಹಾಕುವುದು, ಬೆಸುಗೆ, ಪೆಡಲನ್ನು ಸಿಮ್ಯುಲೇಟರ್‌ಗೆ ಪರಿಚಯಿಸುವ ಆಕ್ಸಿಸ್ ಜೋಡಣೆ ನಿಮಗೆ ಗೊತ್ತೇ ಇರುತ್ತವೆ, ಅವುಗಳ ಪಾಠ ಇಲ್ಲಿಲ್ಲ.

ಹಳೆಯ ಪೆಡಲ್ ಸೆಟ್ಟಿನಲ್ಲಿ ಪೊಟೆನ್ಶಿಯೋಮೀಟರ್ (ಒಳಗೆ ಉಜ್ಜುತ್ತಾ ತಿರುಗಿ ಪೆಡಲ್‌ನ ಸ್ಥಾನ ಹೇಳುವ ಭಾಗ) ಇತ್ತು. ಎರಡನೆಯ ವರ್ಷಕ್ಕೇ ಅದು ಸವೆದು ನಡುಗಲು ಶುರುವಾಯಿತು. ಎ320ರಲ್ಲಿ ಆಟೋಬ್ರೇಕ್ ಹಾಕಿ ಇಳಿದರೆ, ಪೆಡಲ್ ಮುಟ್ಟದೆ ಇದ್ದರೂ ಆ ನಡುಕವನ್ನೇ ಸಿಮ್ಯುಲೇಟರ್ (ಸಿಮ್) ಒತ್ತಡವೆಂದು ತಿಳಿದು ಆಟೋಬ್ರೇಕ್ ಬಿಡಿಸಿಬಿಡುತ್ತಿತ್ತು. ಎಲ್ಲರೂ ಮಾಡುವಂತೆ ಹಾಲ್ ಸೆನ್ಸರ್, ಅಂದರೆ ಆಯಸ್ಕಾಂತದ ಸೆಳೆತದಿಂದ ಸ್ಥಾನ ತಿಳಿಯುವ ಸೆನ್ಸರ್, ಹಾಕಿದೆ. ಜೋಡಿ ಆಯಸ್ಕಾಂತ ಸೇರಿ ಇನ್ನೂರು ರೂಪಾಯಿಯೊಳಗೆ ನಡುಕ ನಿಂತಿತು. ಬಹಳ ಮಂದಿ ಅಲ್ಲಿಗೇ ನಿಲ್ಲುತ್ತಾರೆ. ನನಗೆ ಸಮಾಧಾನವಾಗಲಿಲ್ಲ. ಹಾಲ್ ಸೆನ್ಸರ್ ಅಳೆಯುವುದು ಪೆಡಲ್ ಎಷ್ಟು ದೂರ ಸರಿಯಿತು ಎಂಬುದನ್ನು. ನಿಜವಾದ ವಿಮಾನದ ಹೈಡ್ರಾಲಿಕ್ ಬ್ರೇಕ್‌ನಲ್ಲಿ ಪೆಡಲ್ ಸ್ವಲ್ಪವೇ ಸರಿಯುತ್ತದೆ, ಆಮೇಲಿನದೆಲ್ಲ ಒತ್ತಡ. ನಮ್ಮ ಕಾಲಿಗೆ ನೆನಪಿರುವುದೂ ಬಲವೇ ಹೊರತು ದೂರವಲ್ಲ. ಪುಟ್ಟ ಸೆಸ್ನಾ 172 ವಿಮಾನದಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ: ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್‌ನಿಂದ ಮೂಗಿನ ಚಕ್ರ ಸುಮಾರು 10 ಡಿಗ್ರಿ ಮಾತ್ರ ತಿರುಗುತ್ತದೆ, 30 ಡಿಗ್ರಿಯವರೆಗೆ ತಿರುಗಿಸಲು ಒಂದು ಬದಿಯ ಬ್ರೇಕ್ ಬೇಕೇ ಬೇಕು. ಆ ಒಂದು ಬದಿಯ ಬ್ರೇಕನ್ನು ಹದವಾಗಿ ಒತ್ತಲು ಬಾರದಿದ್ದರೆ ಟ್ಯಾಕ್ಸಿವೇಯ ಪ್ರತಿ ತಿರುವಿನಲ್ಲೂ ಹುಲ್ಲಿಗೆ ಇಳಿಯುತ್ತೇವೆ.

ಲೋಡ್ ಸೆಲ್ ಇರುವ ಸಿದ್ಧ ಪೆಡಲ್ ವಿಚಾರಿಸಿದಾಗ ಬೆಲೆ ಐವತ್ತು ಸಾವಿರದ ಮೇಲೆಯೇ ಇತ್ತು, ಸಾಗಣೆ ಮತ್ತು ಸುಂಕ ಬೇರೆ. ಆ ದುಡ್ಡಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬರುತ್ತದೆ ಎಂದು ಗೆಳೆಯರು ಅದರ ಬೆನ್ನು ಹತ್ತಿದರು. ನಾನು ಬೆಂಗಳೂರಿನ ಎಸ್‌ಪಿ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋದೆ.

ಮೊದಲು ತಂದದ್ದು ಸ್ನಾನದ ಮನೆಯ ತೂಕದ ಯಂತ್ರದಲ್ಲಿರುವ 50 ಕಿಲೋದ ಚಪ್ಪಟೆ ಸೆಲ್. ನಾಲ್ಕು ಸೇರಿ ಇನ್ನೂರೈವತ್ತೋ ಮುನ್ನೂರೋ ಕೊಟ್ಟ ನೆನಪು. ಬಲ ಅಳೆಯುವ ವಿದ್ಯುತ್ ಜೋಡಣೆಗೆ ಬ್ರಿಡ್ಜ್ ಎನ್ನುತ್ತಾರೆ; ಮೂರು ತಂತಿಯ ಅರ್ಧ ಬ್ರಿಡ್ಜ್ ಅವು, ಎರಡನ್ನು ಸೇರಿಸಿದರೆ ಒಂದು ಪೂರ್ಣ ಬ್ರಿಡ್ಜ್. ಅಂಚುಗಳು ಸಮತಟ್ಟಾಗಿ ಕೂತು, ಭಾರ ಸರಿಯಾಗಿ ನಡುವೆ ಬಿದ್ದರೆ ಮಾತ್ರ ಅವು ಸರಿ ಹೇಳುತ್ತವೆ. ಪಾದ ಓರೆಯಾಗಿ ತಳ್ಳುವ ಕಡೆ ಅವುಗಳ ಆಟ ನಡೆಯಲಿಲ್ಲ: ಅದೇ ಬಲಕ್ಕೆ ಒಂದು ಸಲ ಒಂದು ಅಂಕಿ, ಇನ್ನೊಂದು ಸಲ ಇನ್ನೊಂದು. ಆಮೇಲೆ ಅಲ್ಯೂಮಿನಿಯಂ ಪಟ್ಟಿಯಂಥ ಸೆಲ್‌ಗೆ ಬಂದೆ. 20 ಕಿಲೋದ್ದು ಮೊದಲ ವಾರ ಸೊಗಸಾಗಿ ನಡೆಯಿತು. ಒಂದು ಸಂಜೆ ಮಂಗಳೂರಿನಲ್ಲಿ ಇಳಿಯುವಾಗ, ಆ ಮೇಜಿನಂಥ ಗುಡ್ಡದ ಅಂಚು ಹತ್ತಿರವಾದಂತೆ ಜೋರಾಗಿ ಒತ್ತಿದೆ. ಅಲ್ಲಿಂದ ಸೊನ್ನೆ ಮತ್ತೆ ಸೊನ್ನೆಗೆ ಬರಲಿಲ್ಲ. ಲೋಹ ಬಾಗಿದ್ದು ಬಾಗಿದ ಹಾಗೇ ಉಳಿದಿತ್ತು.

ಈಗಿರುವುದು 40 ಕಿಲೋದ ಪಟ್ಟಿ. ಒಂದಕ್ಕೆ ಐನೂರರ ಆಸುಪಾಸು. ಅದನ್ನು ಉಳಿಸಿರುವುದು ಜೋಡಿಸಿದ ರೀತಿ. ಪೆಡಲ್ ಪಟ್ಟಿಯ ಕೀಲನ್ನು ಕೆಳಗಿಟ್ಟು ಸನ್ನೆಗೋಲಿನ ಲೆಕ್ಕ ಹಾಕಿದ್ದೇನೆ, ಕಾಲಿನ ಬಲದಲ್ಲಿ ಸುಮಾರು ಅರ್ಧ ಮಾತ್ರ ಸೆಲ್‌ಗೆ ತಲುಪುತ್ತದೆ. ಸೆಲ್‌ನ ತೂಗುವ ತುದಿಯ ಕೆಳಗೆ ಒಂದು ತಡೆ ಬೋಲ್ಟ್ ಇದೆ. ಬೋಲ್ಟ್‌ಗೂ ಸೆಲ್‌ಗೂ ನಡುವೆ ತೆಳ್ಳನೆಯ ತಗಡು ನುಸುಳುವಷ್ಟೇ ಜಾಗ. ಮಿತಿ ದಾಟಿ ತುಳಿದರೆ ಭಾರ ಬೋಲ್ಟ್‌ಗೆ ಹೋಗುತ್ತದೆ, ಸೆಲ್‌ಗಲ್ಲ. ಬೋಲ್ಟನ್ನು ತಿರುಗಿಸಿ ನಟ್‌ನಿಂದ ಬಿಗಿ ಮಾಡುವ ಆ ಕೊನೆಯ ಕಾಲುಭಾಗ ತಿರುವಿಗೆ ಒಂದು ಪೂರ್ತಿ ಭಾನುವಾರ ಕೊಟ್ಟಿದ್ದೇನೆ. ಪೆಡಲ್ ತಟ್ಟೆಗಳನ್ನು ಪೀಣ್ಯದಲ್ಲಿ ಲೇಸರ್‌ನಿಂದ ಕತ್ತರಿಸಿಕೊಂಡೆ. ಒಂದೇ ಜೋಡಿಗಾದರೆ ಯಾರೂ ಯಂತ್ರ ಹತ್ತಿಸುವುದಿಲ್ಲ. ಬೇರೆಯವರ ದೊಡ್ಡ ಹಾಳೆಯಲ್ಲಿ ಉಳಿಯುವ ಮೂಲೆಯಲ್ಲಿ ಕತ್ತರಿಸಿಕೊಡಿ ಎಂದು ಕೇಳಿದರೆ ಒಪ್ಪುತ್ತಾರೆ. ಬೇರಿಂಗ್ ಎಸ್‌ಜೆಪಿ ರಸ್ತೆಯದ್ದು, ಮಾಮೂಲಿ 608 ಅಳತೆಯದು.

ಇನ್ನು ಆ ಚಿಪ್‌ನ ವಿಷಯ. ಎಚ್‌ಎಕ್ಸ್ 711 ನಿಧಾನ ಎಂದವರ ಮಾತು ಪೂರ್ತಿ ಸುಳ್ಳಲ್ಲ. ಎಂಬತ್ತೋ ನೂರೋ ರೂಪಾಯಿಗೆ ಸಿಗುವ ಸರ್ಕ್ಯೂಟ್ ಹಲಗೆಗಳಲ್ಲಿ ಅದನ್ನು ಸೆಕೆಂಡಿಗೆ 10 ಅಳತೆಗೆ ಕಟ್ಟಿಟ್ಟಿರುತ್ತಾರೆ. ಆ ವೇಗದಲ್ಲಿ ಅದು ಹೊಸ ಅಂಕಿಗೆ ನೆಲೆಗೊಳ್ಳಲು 400 ಮಿಲಿಸೆಕೆಂಡ್ ಬೇಕು. ಬ್ರೇಕ್ ಒತ್ತಿ ಅರ್ಧ ಸೆಕೆಂಡ್ ಆದ ಮೇಲೆ ವಿಮಾನ ಎಚ್ಚರಗೊಂಡರೆ ಯಾರಿಗೂ ಬೇಡವಾಗುತ್ತದೆ. ಆದರೆ ಅದೇ ಚಿಪ್‌ಗೆ 80ರ ವೇಗವೂ ಇದೆ. ಆಗ ನೆಲೆಗೊಳ್ಳುವ ಹೊತ್ತು 50 ಮಿಲಿಸೆಕೆಂಡ್. ನನ್ನ ಪಾದಕ್ಕೆ ಆ ತಡ ತಿಳಿಯುವುದಿಲ್ಲ. ಟೀಕೆ ಮಾಡಿದವರಲ್ಲಿ ಹೆಚ್ಚಿನವರು ನೋಡಿದ್ದು 10ರ ವೇಗವನ್ನು ಮಾತ್ರ.

ವೇಗ ಬದಲಿಸುವುದು ಚಿಪ್‌ನ 15ನೆಯ ಕಾಲು (ಪಿನ್). ಅಗ್ಗದ ಹಲಗೆಯಲ್ಲಿ ಅದು ಗ್ರೌಂಡ್‌ಗೆ ಅಂಟಿರುತ್ತದೆ, ಅದನ್ನು ಎಬ್ಬಿಸಿ ಪಕ್ಕದ 16ಕ್ಕೆ, ಅಂದರೆ ವಿದ್ಯುತ್ ಬರುವ ಕಾಲಿಗೆ ಸೇರಿಸಬೇಕು. ಹೇಳಲು ಒಂದು ಸಾಲು, ಮಾಡಲು ಕೈ ನಡುಗದಿರಬೇಕು. ಮೊನಚು ಬೆಸುಗೆಕಡ್ಡಿಯನ್ನು ಕಾಲಿನ ಮೇಲೆ ಒಂದೆರಡು ಸೆಕೆಂಡ್ ಇಟ್ಟು, ಸೀಸ ಹೊಳೆದ ತಕ್ಷಣ ಹೊಲಿಗೆ ಸೂಜಿಯ ತುದಿಯನ್ನು ಕಾಲಿನ ಕೆಳಗೆ ತೂರಿಸಿ ಕೂದಲೆಳೆಯಷ್ಟು ಎತ್ತಬೇಕು. ಹೆಚ್ಚು ಎತ್ತಿದರೆ ಕಾಲು ಬುಡದಲ್ಲೇ ಮುರಿಯುತ್ತದೆ, ಹೆಚ್ಚು ಬಿಸಿ ಮಾಡಿದರೆ ಕೆಳಗಿನ ತಾಮ್ರ ಏಳುತ್ತದೆ. ಆಮೇಲೆ 15 ಮತ್ತು 16ರ ನಡುವೆ ಒಂದು ಹನಿ ಸೀಸ ಸಾಕು. ಒಂದು ಡಬ್ಬಿಯಷ್ಟು ಹಲಗೆ ಬಲಿಯಾದ ಮೇಲೆ ಕೈ ಹಿಡಿತಕ್ಕೆ ಬಂತು. ಈಗ ಕಣ್ಣಿಗೆ ಭೂತಗನ್ನಡಿಯಿಲ್ಲದೆ ಮಾಡುತ್ತೇನೆ.

ಎಡ ಬಲ ಎರಡನ್ನೂ ಒಂದೇ ಚಿಪ್‌ನ ಎ ಮತ್ತು ಬಿ ಚಾನೆಲ್‌ಗೆ ಕೊಟ್ಟು ಉಳಿತಾಯ ಮಾಡಲು ಹೋಗಬೇಡಿ. ಚಾನೆಲ್ ಬದಲಿಸಿದಾಗಲೆಲ್ಲ ಮತ್ತೆ ನೆಲೆಗೊಳ್ಳುವ ತನಕ ಕಾಯಬೇಕು, ಗಳಿಸಿದ ವೇಗವೆಲ್ಲ ಅಲ್ಲಿ ಕರಗುತ್ತದೆ. ಜೊತೆಗೆ ಎ ಚಾನೆಲ್‌ನಲ್ಲಿ 128 ಪಟ್ಟು ವರ್ಧನೆ ಸಿಕ್ಕರೆ ಬಿ ಚಾನೆಲ್‌ನಲ್ಲಿ 32 ಮಾತ್ರ. ಎರಡು ಹಲಗೆ ಹಾಕಿ, ಕ್ಲಾಕ್ ತಂತಿ ಎರಡಕ್ಕೂ ಒಂದೇ ಇರಲಿ, ಡೇಟಾ ತಂತಿ ಬೇರೆ ಬೇರೆ. ಪ್ರೊ ಮೈಕ್ರೊ (ಆರ್ಡುಯಿನೋ ಬಗೆಯ ಪುಟ್ಟ ಹಲಗೆ) ಕಂಪ್ಯೂಟರ್‌ಗೆ ನೇರವಾಗಿ ಜಾಯ್‌ಸ್ಟಿಕ್ ಆಗಿ ಕಾಣಿಸಿಕೊಳ್ಳುವುದರಿಂದ ನಡುವೆ ಬೇರೆ ತಂತ್ರಾಂಶ ಬೇಡ. ಅಳತೆ ಸಿದ್ಧವಾಗುವ ತನಕ ಕಾದು ನಿಲ್ಲುವ ಕೋಡ್ ಬಳಸಬೇಡಿ. ಸಿದ್ಧವಾಗಿದೆಯೇ ಎಂದು ಇಣುಕಿ, ಇಲ್ಲದಿದ್ದರೆ ರಡ್ಡರ್ ಓದಲು ಹೋಗುವಂತೆ ಬರೆಯಿರಿ.

80ರ ವೇಗದಲ್ಲಿ ಅಂಕಿ ಹೆಚ್ಚು ಅಲುಗಾಡುತ್ತದೆ. ಪೂರ್ಣ ಭಾರಕ್ಕೆ ಸೆಲ್ ಕೊಡುವುದೇ ಕೆಲವು ಮಿಲಿವೋಲ್ಟ್, ಹಾಗಾಗಿ ತಂತಿ ಎಲ್ಲಿ ಹಾದುಹೋಗುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕವಚವಿರುವ ತಂತಿ ಹಾಕಿ, ಚಿಪ್ ಹಲಗೆಯನ್ನು ಪೆಡಲ್‌ನ ಪಕ್ಕದಲ್ಲೇ ಕೂರಿಸಿದೆ. ಕಂಪ್ಯೂಟರ್‌ನ ಪವರ್ ಸಪ್ಲೈ ಹತ್ತಿರ ಸುಳಿಯಗೊಡಲಿಲ್ಲ. ಅಲುಗಾಟ ಕಣ್ಣಿಗೆ ಕಾಣದಷ್ಟು ಇಳಿಯಿತು. ಇನ್ನೊಂದು ಕಾಟ, ಬಿಸಿಯೇರಿದಂತೆ ಸೊನ್ನೆ ಸರಿಯುವುದು. ಪಾದ ಎತ್ತಿದ್ದಾಗ ಸೊನ್ನೆಯನ್ನು ಮೆಲ್ಲಗೆ ಹಿಂಬಾಲಿಸುವ ಕೆಲವು ಸಾಲು ಕೋಡ್ ಇದಕ್ಕೆ ಮದ್ದು. ಎಷ್ಟು ಹೊತ್ತು ಕಾಯಬೇಕು, ಎಷ್ಟೆಷ್ಟೇ ಸರಿಸಬೇಕು ಎಂಬ ಅಂಕಿಗಳು ಮಾತ್ರ ನನ್ನಲ್ಲೇ ಇರಲಿ; ಅವನ್ನು ಹದಗೊಳಿಸಲು ಒಂದು ಬೇಸಿಗೆ ಕಳೆದಿದ್ದೇನೆ.

ಎಲ್ಲವೂ ಕೂಡಿಬಂತು ಎನ್ನುವ ಹೊತ್ತಿಗೆ ಸೀಟಿನ ಕೆಳಗೆ ಬೇಸ್ ಶೇಕರ್ (ಶಬ್ದದ ಬದಲು ನಡುಕ ಕೊಡುವ ಸ್ಪೀಕರ್‌ನಂಥದ್ದು) ಹಾಕುವ ಆಸೆ ಹುಟ್ಟಿತು. ಐವತ್ತು ವಾಟ್‌ನ ಒಂದು ಶೇಕರ್, ಐನೂರು ರೂಪಾಯಿಯ ಆಂಪ್ಲಿಫೈಯರ್ ಹಲಗೆ, ನಡೆಸಲು ಸಿಮ್‌ಹಬ್ ತಂತ್ರಾಂಶ. ರನ್‌ವೇಯ ಉಬ್ಬುತಗ್ಗು ಬೆನ್ನಿಗೆ ತಿಳಿಯುವುದು ನಿಜವಾಗಿಯೂ ಖುಷಿ. ಆದರೆ ಟೇಕ್‌ಆಫ್ ಓಟದಲ್ಲಿ ವಿಮಾನ ವೇಗ ಹಿಡಿಯುತ್ತಲೇ ಇರಲಿಲ್ಲ. ಕಾರಣ ಕಂಡುಹಿಡಿಯಲು ಎರಡು ರಾತ್ರಿ ಹಿಡಿಯಿತು: ಸೀಟೂ ಪೆಡಲೂ ಒಂದೇ ಚೌಕಟ್ಟಿನಲ್ಲಿದ್ದವು, ಶೇಕರ್‌ನ ನಡುಕವನ್ನು ಲೋಡ್ ಸೆಲ್ ನಿಷ್ಠೆಯಿಂದ ಅಳೆದು ಬ್ರೇಕ್ ಎಂದು ಕಳಿಸುತ್ತಿತ್ತು. ವೇಗ ಹೆಚ್ಚಿದಂತೆ ನಡುಕ, ನಡುಕ ಹೆಚ್ಚಿದಂತೆ ಬ್ರೇಕ್. ಪೆಡಲ್ ಚೌಕಟ್ಟನ್ನು ಬೇರ್ಪಡಿಸಿ, ವಾಷಿಂಗ್ ಮಷಿನ್‌ಗೆ ಹಾಕುವ ರಬ್ಬರ್ ಪಾದಗಳ ಮೇಲೆ ಕೂರಿಸಿದ ಮೇಲೆ ಪೀಡೆ ತೊಲಗಿತು. ಆ ರಬ್ಬರ್‌ಗೆ ಕೊಟ್ಟ ನಾನೂರು ರೂಪಾಯಿಗಿಂತ ಸಾರ್ಥಕ ಖರ್ಚು ಇಡೀ ಕೆಲಸದಲ್ಲಿ ಇನ್ನೊಂದಿಲ್ಲ.

ವಿಮಾನದ ಮೂಗನ್ನು ಬೇಕಾದ ಹದದಲ್ಲಿ ನಿಲ್ಲಿಸುವ ಟ್ರಿಮ್ ಚಕ್ರದ ಕತೆಯೂ ನಡುವೆ ಬಂದು ಹೋಯಿತು. ತಿರುಗಿದ್ದನ್ನು ಎಣಿಸುವ ಸಣ್ಣ ಎನ್‌ಕೋಡರ್ ವೇಗವಾಗಿ ತಿರುಗಿಸಿದರೆ ಎಣಿಕೆ ತಪ್ಪುತ್ತದೆ. ಒಂದು ಸುತ್ತು ತಿರುಗಿದರೆ 600 ಎಣಿಕೆ ಕೊಡುವ ಆಪ್ಟಿಕಲ್ ಎನ್‌ಕೋಡರ್ ತಂದೆ, ಎಂಟುನೂರು ರೂಪಾಯಿಯ ಹತ್ತಿರ. ಓಪನ್ ಕಲೆಕ್ಟರ್ ಬಗೆಯದು, ಸಂಕೇತವನ್ನು ತಾನೇ ಮೇಲೆತ್ತುವುದಿಲ್ಲ, ಆದ್ದರಿಂದ ಪುಲ್‌ಅಪ್ ರೆಸಿಸ್ಟರ್ ಇಲ್ಲದೆ ಅದು ಬಾಯಿ ಬಿಡುವುದಿಲ್ಲ, ನೆನಪಿರಲಿ. ಚಕ್ರ ತೀರಾ ಸಲೀಸಾಗಿ ಸುತ್ತುತ್ತಿತ್ತು; ಅಕ್ಷಕ್ಕೆ ಕುರ್ಚಿ ಕಾಲಿಗೆ ಅಂಟಿಸುವ ಉಣ್ಣೆಯ ಬಿಲ್ಲೆ ಒತ್ತಿದೆ, ಈಗ ಬಿಟ್ಟ ಕಡೆ ನಿಲ್ಲುತ್ತದೆ. ತಲೆ ತಿರುಗಿಸಿದರೆ ನೋಟ ತಿರುಗುವುದಕ್ಕೆ ಓಪನ್‌ಟ್ರ್ಯಾಕ್ ತಂತ್ರಾಂಶದ ನ್ಯೂರಲ್‌ನೆಟ್ ಟ್ರ್ಯಾಕರ್ ಇದೆ. ಹಳೆಯ ವೆಬ್‌ಕ್ಯಾಮ್ ಸಾಕು, ಮುಖದ ಮೇಲೆ ಎದುರಿನಿಂದ ಬೆಳಕು ಬೀಳಬೇಕು, ಅಷ್ಟೇ. ಕಾಸು ಬಿಚ್ಚದೆ ಆದ ಕೆಲಸ ಇದೊಂದೇ.

ತಂತ್ರಾಂಶದ ಕಡೆಯಿಂದ ಒಂದೇ ಮಾತು. 2024ರ ನವೆಂಬರ್‌ನಲ್ಲಿ ಹೊಸ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬಂದ ಮೇಲೆ ನಿಯಂತ್ರಣಗಳ ಜೋಡಣೆ ವಿಮಾನಕ್ಕೊಂದರಂತೆ ಹಂಚಿಹೋಯಿತು. ನಾನು ಎಕ್ಸ್-ಪ್ಲೇನ್ 12 ಕೂಡ ಹಾರಿಸುತ್ತೇನೆ. ಎರಡರಲ್ಲೂ ಒಂದೇ ಕಾಲು ಒಂದೇ ರೀತಿ ನಡೆಯಬೇಕಾದರೆ ಎಷ್ಟು ಒತ್ತಿದರೆ ಎಷ್ಟು ಬ್ರೇಕ್ ಎನ್ನುವ ವಕ್ರರೇಖೆಯನ್ನು ಪ್ರೊ ಮೈಕ್ರೊದೊಳಗೇ ಬರೆದು, ಎರಡೂ ಸಿಮ್‌ಗಳಲ್ಲಿ ಅದನ್ನು ಸರಳ ರೇಖೆಗೆ ಇಡಬೇಕು. ಸಿಮ್‌ನಲ್ಲಿ ಒಂದು, ಹಲಗೆಯಲ್ಲಿ ಒಂದು ಎಂದು ಎರಡು ಕಡೆ ತಿರುಚಿದರೆ ಯಾವುದು ಕೆಡಿಸುತ್ತಿದೆ ಎಂದು ಗೊತ್ತೇ ಆಗುವುದಿಲ್ಲ.

ಜಕ್ಕೂರಿನಲ್ಲಿ ಹಾರಾಟ ಕಲಿತ ಗೆಳೆಯರೊಬ್ಬರನ್ನು ಕರೆದು ಕೂರಿಸಿದೆ. ಮೊದಲಿನಿಂದಲೂ ಅನುಮಾನ ಪಟ್ಟವರಲ್ಲಿ ಅವರೂ ಒಬ್ಬರು. 172 ತೆಗೆದುಕೊಂಡು, ಒಂದು ಬದಿಯ ಬ್ರೇಕ್ ಹಿಡಿದು ಜಾಗದಲ್ಲೇ ತಿರುಗಿಸಿದರು, ಮತ್ತೆ ಇನ್ನೊಂದು ಬದಿಗೆ. 'ಕಾಲಿಗೆ ಗೊತ್ತಾಗುತ್ತದೆ ಮಾರಾಯರೇ' ಎಂದರು. ಜೊತೆಗೇ ಒಂದು ತಕರಾರು: ನಿಜವಾದ ವಿಮಾನದಲ್ಲಿ ಮೊದಲ ಒತ್ತು ಇಷ್ಟು ಗಟ್ಟಿ ಇರುವುದಿಲ್ಲ. ಆ ಮಾತು ನೂರಕ್ಕೆ ನೂರು ಸರಿ. ಜೆಸಿ ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ದ್ವಿಚಕ್ರ ವಾಹನದ ರಬ್ಬರ್ ಬುಷ್‌ಗಳನ್ನು ಹಿಚುಕಿ ನೋಡಿ ನೋಡಿ ತಂದು, ಪೆಡಲ್‌ಗೂ ಸೆಲ್‌ಗೂ ನಡುವೆ ಮೆದು ಮತ್ತು ಗಟ್ಟಿ ರಬ್ಬರ್‌ಗಳನ್ನು ಪೇರಿಸಿದೆ. ಮೊದಲ ಒತ್ತು ಈಗ ಸ್ವಲ್ಪ ಒಳಗೆ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ, ನಡುವೆ ಏನಿದೆ ಎಂದು ಕೇಳಬೇಡಿ. ಮನೆಗೆ ಬಂದವರಿಗೆ ಬಿಚ್ಚಿ ತೋರಿಸುತ್ತೇನೆ.

ಖರ್ಚು ಕೇಳುವವರಿಗೆ: ಈಗ ಕೆಲಸ ಮಾಡುತ್ತಿರುವ ಭಾಗಗಳ ಬೆಲೆ ಏಳೆಂಟು ಸಾವಿರ. ಹಾಳಾದ ಸೆಲ್, ಮುರಿದ ಹಲಗೆ, ಎರಡು ಸಲ ಕತ್ತರಿಸಿದ ತಟ್ಟೆ ಎಲ್ಲ ಸೇರಿದರೆ ಹನ್ನೆರಡು ದಾಟಿರಬಹುದು. ಶೇಕರ್ ಮತ್ತು ಟ್ರಿಮ್ ಚಕ್ರ ಇದರಲ್ಲಿ ಸೇರಿಲ್ಲ. ನೀವು 40 ಕಿಲೋದಿಂದಲೇ ಶುರು ಮಾಡಿದರೆ ನನಗಿಂತ ಕಡಿಮೆಗೆ ಮುಗಿಯುತ್ತದೆ. ತಟ್ಟೆಯ ಚಿತ್ರ, ತಂತಿ ಜೋಡಣೆ, ಸೊನ್ನೆಯ ಸಾಲುಗಳನ್ನು ಬಿಟ್ಟು ಉಳಿದ ಕೋಡ್, ಕೇಳಿದವರಿಗೆಲ್ಲ ಕೊಡುತ್ತಿದ್ದೇನೆ. ಮುಂದೆ ರಡ್ಡರ್‌ನ ಸ್ಪ್ರಿಂಗ್ ತೆಗೆದು, ಗಾಳಿಯ ವೇಗಕ್ಕೆ ತಕ್ಕಂತೆ ಬಿಗಿಯಾಗುವ ಮೋಟಾರ್ ಹಾಕುವುದಿದೆ. ಅದೂ ಆಗುವುದಿಲ್ಲ ಎಂದು ಈಗಾಗಲೇ ಇಬ್ಬರು ಹೇಳಿದ್ದಾರೆ, ಮೋಟಾರ್ ತಂದಾಗಿದೆ.