ಬಣ್ಣವನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಗೊಂಬೆಗಳು

ಚನ್ನಪಟ್ಟಣದಲ್ಲಿ ನಮ್ಮ ಮನೆಯವರು ಮೂರು ತಲೆಮಾರುಗಳಿಂದ ಮರ ಕಡೆದು ಅರಗು ಹಚ್ಚುವ ಕೆಲಸವನ್ನು ಮಾಡಿಕೊಂಡು ಬಂದಿದ್ದಾರೆ. ಅಜ್ಜ ಕೈಲೇತಿನಲ್ಲಿ ಕಡೆಯುತ್ತಿದ್ದರು, ತಂದೆಯವರು ವಿದ್ಯುತ್ ಲೇತಿಗೆ ಬಂದರು, ನಾನೂ ನನ್ನ ತಮ್ಮನೂ ಅದೇ ಲೇತಿನ ಪಕ್ಕದಲ್ಲಿ ಕುಳಿತು ಕಲಿತವರು. ಈ ಕಸುಬಿನ ಜೀವವಿರುವುದು ಅರಗಿನಲ್ಲಿ. ವೇಗವಾಗಿ ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅದು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಅದರ ಮೇಲೆ ಕೇದಗೆಯ ಗರಿಯನ್ನು ಒತ್ತಿ ಹಿಡಿದರೆ ಕನ್ನಡಿಯಂಥ ಹೊಳಪು ಬರುತ್ತದೆ. ಕುಶಲಕರ್ಮಿಯ ಕೈ ಎಂಥದ್ದೆಂದು ನಮ್ಮ ಊರಿನಲ್ಲಿ ತೂಗಿ ನೋಡುವುದು ಈ ಹೊಳಪಿನಿಂದಲೇ. ಅಂಥ ಮನೆಯವರಾದ ನಾವು ಬಣ್ಣವನ್ನೇ ಹಚ್ಚದ, ಆ ಕೆಲಸವನ್ನು ಮಗುವಿಗೆ ಬಿಟ್ಟುಕೊಡುವ ಆಟಿಕೆಗಳನ್ನು ಮಾಡತೊಡಗಿದ್ದು ಹೇಗೆ, ಅದರಲ್ಲಿ ಏನು ಕಲಿತೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದರ ಆರಂಭ ಒಂದು ಕೊರತೆಯಿಂದ ಆಯಿತು. ನಾವು ಬಳಸುವ ಅರಗು ಬಹುಪಾಲು ಜಾರ್ಖಂಡ್ ಮತ್ತು ಛತ್ತೀಸ್‌ಗಢದ ಕಡೆಯಿಂದ ಬರುತ್ತದೆ. 2020ರ ಲಾಕ್‌ಡೌನಿನಲ್ಲಿ ಅದು ಬರುವುದು ನಿಂತುಹೋಯಿತು, ಕೊಳ್ಳುವವರೂ ಇರಲಿಲ್ಲ, ಆದರೆ ಕಡೆದಿಟ್ಟ ಸುಮಾರು 600 ಆಟಿಕೆಗಳು ಬಣ್ಣವಿಲ್ಲದೆ ಬೆತ್ತದ ಬುಟ್ಟಿಗಳಲ್ಲಿ ಕುಳಿತಿದ್ದವು. ಶಾಲೆಯಿಲ್ಲದೆ ಮನೆಯಲ್ಲಿದ್ದ ನನ್ನ ಮಗಳೂ ತಮ್ಮನ ಮಗನೂ ಒಂದೊಂದಾಗಿ ಅವುಗಳನ್ನು ಜಗಲಿಗೆ ಹೊತ್ತೊಯ್ದು ಸ್ಕೆಚ್ ಪೆನ್ನಿನಿಂದಲೂ ಶಾಲೆಯ ಬಣ್ಣಗಳಿಂದಲೂ ತುಂಬತೊಡಗಿದರು. ಅರಗಿನ ಬಣ್ಣದ ಆಟಿಕೆಗಳು ಹುಟ್ಟಿದಾಗಿನಿಂದ ಸುತ್ತಲೂ ಬಿದ್ದಿದ್ದ ಮನೆಯ ಮಕ್ಕಳು ಅವು. ಅಂಥ ಆಟಿಕೆಗಳನ್ನು ಅವರು ತಿರುಗಿ ನೋಡುತ್ತಿರಲಿಲ್ಲ. ಆದರೆ ತಾವೇ ಬಣ್ಣ ಹಚ್ಚಿದ ಬುಗುರಿಯನ್ನು ರಾತ್ರಿ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದರು. ಅದನ್ನು ಕಂಡ ಮೇಲೆಯೇ ಬಣ್ಣವಿಲ್ಲದ ಆಟಿಕೆಯನ್ನು ಬಣ್ಣದ ಜೊತೆ ಪೆಟ್ಟಿಗೆಯಲ್ಲಿಟ್ಟು ಮಾರುವ ಯೋಚನೆ ನನಗೂ ತಮ್ಮನಿಗೂ ಬಂದದ್ದು.

ತಂದೆಯವರಿಗೆ ಈ ಮಾತು ಹಿಡಿಸಲಿಲ್ಲ. "ಬಣ್ಣ ಹಾಕದೆ ಕೊಡೋದು ಅಂದ್ರೆ ಎಲೆ ಹಾಕಿ ಅಕ್ಕಿ ಬಡಿಸಿದ ಹಾಗೆ ಕಣಪ್ಪ" ಎಂದರು. ಅವರ ಮಾತಿನಲ್ಲಿದ್ದ ನೋವು ನನಗೆ ಅರ್ಥವಾಗುತ್ತಿತ್ತು. ಬಣ್ಣ ಹಚ್ಚದೆ ಮರವನ್ನು ಕೊಟ್ಟುಬಿಡುವುದೆಂದರೆ ಅವರ ಪಾಲಿಗೆ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದ ಹಾಗೆಯೇ. ಆದರೆ ಮುಂದಿನ ಕೆಲವು ತಿಂಗಳುಗಳಲ್ಲಿ ನಾವೆಲ್ಲರೂ ಕಂಡುಕೊಂಡ ಸಂಗತಿ ಬೇರೆಯೇ ಆಗಿತ್ತು: ಬಣ್ಣವಿಲ್ಲದ ಆಟಿಕೆಗೆ ಬಣ್ಣದ ಆಟಿಕೆಗಿಂತ ಹೆಚ್ಚು ಕೆಲಸ ಬೇಕಾಗುತ್ತದೆ.

ಅರಗು ಬಹಳ ಉದಾರವಾದ ವಸ್ತು. ಉಳಿಯ ಗೆರೆ, ಮರದ ಸಣ್ಣ ಕಲೆ, ಉಪ್ಪುಕಾಗದ ಬಿಟ್ಟ ಗೀರು, ಎಲ್ಲವನ್ನೂ ಅದು ತನ್ನ ಹೊದಿಕೆಯ ಕೆಳಗೆ ಮುಚ್ಚಿಬಿಡುತ್ತದೆ. ಬರಿಯ ಮರದಲ್ಲಿ ಯಾವುದೂ ಮುಚ್ಚುವುದಿಲ್ಲ. ಅದಲ್ಲದೆ ಮಗು ಹಚ್ಚುವುದು ನೀರಿನ ಬಣ್ಣ. ಎಷ್ಟೇ ನುಣ್ಣಗೆ ಉಜ್ಜಿದ ಮರವಾದರೂ ನೀರು ಸೋಕಿದ ಕೂಡಲೇ ಅದರ ಎಳೆಗಳು ಎದ್ದು ನಿಂತು ಮೈ ತರಕಲಾಗುತ್ತದೆ. ಹೀಗಾಗಿ ಮೊದಲು 120ರ ಉಪ್ಪುಕಾಗದದಲ್ಲಿ (ಅಂಕಿ ಹೆಚ್ಚಿದಷ್ಟೂ ಕಾಗದ ನುಣುಪು), ಆಮೇಲೆ 220ರಲ್ಲಿ ಉಜ್ಜಿ, ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಎಳೆಗಳು ಏಳಲೆಂದು ಬಿಟ್ಟು, ಒಣಗಿದ ಮೇಲೆ 320ರಲ್ಲಿ ಮತ್ತೆ ಉಜ್ಜುವ ಪದ್ಧತಿಗೆ ಬಂದೆವು. ಮಗು ಹಚ್ಚುವ ನೀರಿಗೆ ಮರ ಎರಡನೆಯ ಸಲ ಅಷ್ಟಾಗಿ ಏಳುವುದಿಲ್ಲ. ಬಣ್ಣವೇ ಇಲ್ಲದ ಗೊಂಬೆಗೆ ಇಷ್ಟೊಂದು ಬೆಲೆ ಏಕೆ ಎಂದು ಕೇಳುವವರಿಗೆ ನನ್ನ ತಮ್ಮನ ಹೆಂಡತಿ ಈಗಲೂ ಎರಡು ತುಂಡುಗಳನ್ನು ಕೈಗೆ ಕೊಟ್ಟು, ಒಂದನ್ನು ಮುಟ್ಟಿ ಇನ್ನೊಂದನ್ನು ಮುಟ್ಟಲು ಹೇಳುತ್ತಾಳೆ.

ಎರಡನೆಯ ತೊಡಕು ಮರದ ದಿಕ್ಕಿನದು. ನಾವು ಬಳಸುವುದು ಹಾಲೆ ಮರ. ನಮ್ಮ ಕಡೆ ಆಲೆ ಮರ ಎನ್ನುತ್ತಾರೆ. ಬೆಳ್ಳಗೆ, ಒತ್ತಾದ ಎಳೆಗಳಿಂದ ಕೂಡಿದ್ದು, ಕಡೆಯುವುದಕ್ಕೆ ಮೃದುವಾಗಿರುತ್ತದೆ. ಕೊಂಬೆಯನ್ನು ಉದ್ದಕ್ಕೆ ಲೇತಿಗೆ ಕಟ್ಟಿ ಬುಗುರಿಯನ್ನು ಕಡೆದಾಗ ಅದರ ಮೇಲಿನ ಚಪ್ಪಟೆ ಮುಖ ಮರದ ಅಡ್ಡಕೊಯ್ತವಾಗಿರುತ್ತದೆ, ಎಂದರೆ ಮರ ನೀರು ಹೀರುತ್ತಿದ್ದ ಕೊಳವೆಗಳ ಬಾಯಿಗಳೆಲ್ಲ ಆ ಮುಖದಲ್ಲೇ ತೆರೆದುಕೊಂಡಿರುತ್ತವೆ. ಮಗು ಮುಖ್ಯವಾಗಿ ಬಣ್ಣ ಹಚ್ಚುವುದೂ ಅಲ್ಲಿಯೇ. ಮೊದಲ ಬುಗುರಿಗಳಲ್ಲಿ ಕೆಂಪು ಗೆರೆ ಎಳೆದರೆ ಅದು ಮಸಿಹೀರುವ ಕಾಗದದ ಮೇಲೆ ಬಿದ್ದಂತೆ ಹರಡಿ ಪಕ್ಕದ ಹಳದಿಗೆ ಸೇರಿಬಿಡುತ್ತಿತ್ತು, ಮಕ್ಕಳು ಬೇಸರಗೊಂಡು ಎದ್ದುಹೋಗುತ್ತಿದ್ದರು. ಆ ಬಾಯಿಗಳನ್ನು ಮುಚ್ಚಬೇಕಿತ್ತು, ಆದರೆ ಪೂರ್ತಿಯಾಗಿ ಮುಚ್ಚಿದರೆ ನೀರಿನ ಬಣ್ಣ ಕೆಸುವಿನ ಎಲೆಯ ಮೇಲಿನ ಹನಿಯಂತೆ ಜಾರಿಹೋಗುತ್ತದೆ.

ಇದಕ್ಕೆ ದಾರಿ ಹುಡುಕಿದವರು ತಂದೆಯವರು, ಮತ್ತು ದೊರೆತದ್ದು ಅರಗಿನಲ್ಲಿಯೇ. ಪೀಠೋಪಕರಣಗಳ ಹೊಳಪಿಗಾಗಿ ಬಡಗಿಗಳು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚುವ ಅರಗಿನ ಚಕ್ಕೆಯನ್ನು ತಂದು, ಅದನ್ನು ಬಹಳ ತೆಳುವಾಗಿ ಕರಗಿಸಿ, ಬಟ್ಟೆಯ ಉಂಡೆಯಿಂದ ಒರೆಸಿದರು. ಪಕ್ಕಗಳಿಗೆ ಒಂದು ಕೈ, ಅಡ್ಡಕೊಯ್ತದ ಮುಖಕ್ಕೆ ಎರಡು ಕೈ, ಆಮೇಲೆ 320ರ ಕಾಗದದಿಂದ ಸವರಿ ಹೊಳಪನ್ನು ತೆಗೆಯುವುದು. ಎರಡು ದಿನ ಗಾಳಿಯಾಡುವ ಕಡೆ ಇಟ್ಟು ಸ್ಪಿರಿಟ್ಟಿನ ವಾಸನೆ ಪೂರ್ತಿ ಹೋದ ಮೇಲೆಯೇ ಪೆಟ್ಟಿಗೆಗೆ ಹಾಕುತ್ತೇವೆ. ಎಷ್ಟು ತೆಳುವಾಗಿರಬೇಕು ಎಂಬುದನ್ನು ಅವರು ಅಳತೆಯಲ್ಲಿ ಹೇಳಲಿಲ್ಲ, ಬೆರಳಿಗೆ ಅಂಟಿದ ಹನಿಯನ್ನು ಉಜ್ಜಿ ಹೇಳಿದರು. ನಾನು ಅದನ್ನು ತೂಕ ಮಾಡಿ ಬರೆದಿಟ್ಟುಕೊಂಡೆ: ಒಂದು ಲೀಟರಿಗೆ 60 ಗ್ರಾಂ. ಅಂದಿನಿಂದ ಅವರು ಈ ಕೆಲಸವನ್ನು ತಮ್ಮದೆಂದುಕೊಂಡರು. ಕಣ್ಣಿಗೆ ಕಾಣದಿದ್ದರೂ ಅರಗು ಆ ಆಟಿಕೆಯಲ್ಲಿ ಇದೆ ಎಂಬುದು ಅವರಿಗೆ ಮುಖ್ಯವಾಗಿತ್ತು, ನನಗೂ ಮುಖ್ಯವಾಗಿದೆ.

ಬಣ್ಣದ ವಿಷಯದಲ್ಲಿ ನಾವು ಮೊದಲು ತಪ್ಪು ದಾರಿ ಹಿಡಿದೆವು. ಅರಿಸಿನ, ಕುಂಕುಮ, ನೀಲಿಗಳನ್ನು ಗೋಂದಿನಲ್ಲಿ ಕಲಸಿ ಕೊಟ್ಟರೆ ಮನೆಯ ಬಣ್ಣಗಳೇ ಆದವಲ್ಲ ಎಂದುಕೊಂಡೆವು. ಅಮ್ಮ ಕಲಸಿಕೊಟ್ಟ ಅರಿಸಿನದ ಹಳದಿ ನಿಜಕ್ಕೂ ಚೆಲುವಾಗಿತ್ತು. ಆದರೆ ಸೋಪಿನ ಕೈಯನ್ನು ಸರಿಯಾಗಿ ತೊಳೆಯದೆ ಬಂದು ಮುಟ್ಟಿದ ಮಗುವಿನ ಬೆರಳ ಗುರುತುಗಳು ಗೊಂಬೆಯ ಮೈಮೇಲೆ ಕೆಂಪಾಗಿ ಮೂಡಿದವು. ಅರಿಸಿನಕ್ಕೆ ಸುಣ್ಣ ಸೇರಿದರೆ ಓಕುಳಿಯಾಗುವುದನ್ನು ಆರತಿಯ ತಟ್ಟೆಯಲ್ಲಿ ದಿನವೂ ನೋಡುವ ನಮಗೆ, ಸೋಪಿನ ಕ್ಷಾರವೂ ಅದನ್ನೇ ಮಾಡುತ್ತದೆ ಎಂಬುದು ಮೊದಲೇ ಹೊಳೆಯಬೇಕಿತ್ತು. ಮೇಲಾಗಿ ಬಿಸಿಲಿಗೆ ಇಟ್ಟ ಅರಿಸಿನ ಕೆಲವೇ ದಿನಗಳಲ್ಲಿ ಮಾಸುತ್ತದೆ. ಅಂಗಡಿಯ ಕುಂಕುಮದ ವಿಷಯ ಇನ್ನೂ ಗಂಭೀರ. ಅದರಲ್ಲಿ ಯಾವ ಬಣ್ಣ ಬೆರೆಸಿದ್ದಾರೆ, ಸೀಸದ ಅಂಶವಿದೆಯೇ ಎಂಬುದು ಪೊಟ್ಟಣದಿಂದ ತಿಳಿಯುವುದಿಲ್ಲ. ಮಗು ಕುಂಚವನ್ನು ಬಾಯಿಗೆ ಹಾಕುತ್ತದೆ ಎಂಬುದನ್ನು ಖಚಿತವೆಂದೇ ಇಟ್ಟುಕೊಂಡು ಬಣ್ಣವನ್ನು ಆರಿಸಬೇಕು. ಹಾಗಾಗಿ ನಾವು ಬಣ್ಣ ತಯಾರಿಸುವುದನ್ನು ಬಿಟ್ಟು, ಪರೀಕ್ಷಾ ವರದಿ ಕೊಡುವ ತಯಾರಕರಿಂದ ಬಣ್ಣವನ್ನು ಕೊಂಡು ಸಣ್ಣ ಡಬ್ಬಿಗಳಿಗೆ ತುಂಬುತ್ತೇವೆ.

ಕೇಂದ್ರ ಸರ್ಕಾರದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದಿದೆ. ಐಎಸ್ 9873 ಎಂಬ ಭಾರತೀಯ ಮಾನದಂಡದ ಮೂರನೆಯ ಭಾಗ, ಆಟಿಕೆಯಿಂದ ಬಿಟ್ಟುಕೊಳ್ಳಬಹುದಾದ 8 ಧಾತುಗಳಿಗೆ ಮಿತಿ ಹಾಕುತ್ತದೆ. ಸಾಮಾನ್ಯ ಬಣ್ಣದ ಹೊದಿಕೆಗಳಲ್ಲಿ ಸೀಸಕ್ಕೆ ಈ ಮಿತಿ ಕಿಲೋಗೆ 90 ಮಿಲಿಗ್ರಾಂ. ನೋಂದಾಯಿತ ಕರಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿ (ಒಂದು ಊರಿನ ವಿಶೇಷವೆಂಬ ಅಧಿಕೃತ ಗುರುತು) ಪಡೆದ ಉತ್ಪನ್ನಗಳಿಗೂ ಈ ಆದೇಶದಲ್ಲಿ ವಿನಾಯಿತಿ ಇದೆ. ಆದರೆ ಆ ವಿನಾಯಿತಿ ಕೊಟ್ಟಿರುವುದು ಕಸುಬಿಗೆ. ಹೊರಗಿನಿಂದ ತಂದ ಬಣ್ಣವನ್ನು ಜೊತೆಗಿಟ್ಟು ಮಾರುವ ಪೆಟ್ಟಿಗೆಯನ್ನು ಅದರ ಮರೆಯಲ್ಲಿ ಸಾಗಿಸುವುದು ಸರಿಯೆಂದು ನಮಗೆ ಅನಿಸಲಿಲ್ಲ, ಆದ್ದರಿಂದ ಪೂರ್ತಿ ಪೆಟ್ಟಿಗೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆವು. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯೂ ಇದೆ. 3 ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಭಾಗವೂ 31.7 ಮಿಲಿಮೀಟರ್ ಅಗಲದ, ಓರೆ ತಳದ ಪರೀಕ್ಷಾ ಬಟ್ಟಲಿನಲ್ಲಿ ಪೂರ್ತಿ ಮುಳುಗಬಾರದು. ತಮ್ಮ ಆ ಬಟ್ಟಲನ್ನು ಮರದಲ್ಲೇ ಕಡೆದು ಲೇತಿನ ಪಕ್ಕದಲ್ಲಿ ಇಟ್ಟಿದ್ದಾನೆ. ಬಣ್ಣದ ಡಬ್ಬಿಯ ಮುಚ್ಚಳ ಅದರಲ್ಲಿ ಮುಳುಗುತ್ತದೆಯಾದ್ದರಿಂದ ಬಣ್ಣದ ಪೆಟ್ಟಿಗೆಗಳೆಲ್ಲದರ ಮೇಲೆ 3 ವರ್ಷ ಮೇಲ್ಪಟ್ಟವರಿಗೆ ಎಂದು ಅಚ್ಚು ಹಾಕಿಸಿದ್ದೇವೆ.

ನಮ್ಮ ಎಲ್ಲ ಆಟಿಕೆಗಳಲ್ಲಿ ನನಗೆ ತೀರ ಹತ್ತಿರವಾದದ್ದು ಬುಗುರಿ. ಮೇಲ್ಮುಖವನ್ನು 8 ಭಾಗಗಳಾಗಿ ಗೀರಿ ಕೊಡುತ್ತೇವೆ, ಮಗು ತನಗೆ ತೋಚಿದಂತೆ ತುಂಬಿ ತಿರುಗಿಸುತ್ತದೆ. ತಟ್ಟೆಯಲ್ಲಿ ಹಳದಿಗೆ ನೀಲಿ ಬೆರೆಸಿದರೆ ಹಸಿರಾಗುವುದನ್ನು ಆಗತಾನೇ ಕಂಡ ಮಗು, ಬುಗುರಿಯ ಒಂದೊಂದು ಮನೆಗೆ ಹಳದಿ, ನೀಲಿ ಎಂದು ಬದಲಿಸಿ ತುಂಬಿ ತಿರುಗಿಸಿ, ಹಸಿರಿಗಾಗಿ ಕಾಯುತ್ತದೆ. ಕಾಣುವುದು ಬೂದಿ ಬಣ್ಣ. ತಟ್ಟೆಯಲ್ಲಿ ಬೆರೆತಾಗ ಒಂದು ಬಣ್ಣ ಉಳಿಸಿದ ಬೆಳಕನ್ನು ಇನ್ನೊಂದು ನುಂಗುತ್ತದೆ, ಎರಡೂ ಬಿಟ್ಟುಕೊಡುವ ಹಸಿರು ಮಾತ್ರ ಉಳಿಯುತ್ತದೆ. ತಿರುಗುವ ಬುಗುರಿಯಲ್ಲಾದರೋ ಎರಡು ಬಣ್ಣಗಳ ಬೆಳಕೂ ಕಣ್ಣಿನಲ್ಲಿ ಒಂದರ ಮೇಲೊಂದು ಸೇರುತ್ತದೆ. ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1855ರ ತಮ್ಮ ಪ್ರಬಂಧದಲ್ಲಿ ವಿವರಿಸಿದ ಬಣ್ಣಗಳ ಪ್ರಯೋಗಗಳಿಗೆ ಬಳಸಿದ್ದು ಇಂಥದೇ ಬುಗುರಿಯನ್ನು. ಇದು ನನಗೆ ತಿಳಿದದ್ದು ಮಗಳು "ಅಪ್ಪಾ, ನಿಮ್ಮ ಬಣ್ಣ ಸರಿಯಿಲ್ಲ" ಎಂದು ದೂರು ತಂದ ಮೇಲೆ. ಇದಾದ ಮೇಲೆ 12 ಬಣ್ಣಗಳ ಡಬ್ಬಿಯನ್ನು ಕೈಬಿಟ್ಟು ಕೆಂಪು, ಹಳದಿ, ನೀಲಿ, ಬಿಳಿ ಈ ನಾಲ್ಕನ್ನೇ ಕೊಡುತ್ತಿದ್ದೇವೆ. ಉಳಿದುವನ್ನು ಮಗು ತಾನೇ ಮಾಡಿಕೊಳ್ಳಲಿ.

ಬುಗುರಿಯಲ್ಲಿ ಒಂದು ಕಷ್ಟವಿತ್ತು. ಮಕ್ಕಳು ಇಷ್ಟವಾದ ಬಣ್ಣವನ್ನು ಒಂದೇ ಕಡೆ ದಪ್ಪವಾಗಿ ಮೆತ್ತುತ್ತಾರೆ, ತೂಕ ಒಂದು ಬದಿಗೆ ಹೆಚ್ಚಿ ಬುಗುರಿ ಓಲಾಡಿ ಬೀಳುತ್ತದೆ. ತೆಳುವಾಗಿ ಹಚ್ಚು ಎಂದು ಮಗುವಿಗೆ ಹೇಳುವ ಬದಲು ನಾವು ಬುಗುರಿಯನ್ನೇ ತಿದ್ದಿದೆವು. ಬಿಲ್ಲೆಯನ್ನು ಅಗಲ ಮಾಡಿ, ಅಂಚನ್ನು ದಪ್ಪವಾಗಿ ಬಿಟ್ಟು, ಕಾಲನ್ನು ಗಿಡ್ಡ ಮಾಡಿದ ಮೇಲೆ ಅದು ಎಷ್ಟು ಮೆತ್ತಿದರೂ ತಾಳಿಕೊಳ್ಳುತ್ತದೆ.

ದಸರೆಯ ಕಾಲಕ್ಕೆ ಬಣ್ಣವಿಲ್ಲದ ಪಟ್ಟದ ಗೊಂಬೆಗಳ ಜೋಡಿಯನ್ನು ಮಾಡುತ್ತೇವೆ. ಮನೆಯ ಬೊಂಬೆ ಸಾಲಿನಲ್ಲಿ ಮುಟ್ಟಬೇಡ ಎಂದು ಗದರಿಸಿಕೊಳ್ಳುವ ಮಗುವಿಗೆ, ಕೆಳಗಿನ ಮೆಟ್ಟಿಲಿನಲ್ಲಿ ತಾನೇ ಬಣ್ಣ ಹಚ್ಚಿದ ರಾಜರಾಣಿಯರನ್ನು ಇಡುವ ಜಾಗ ಸಿಗುತ್ತದೆ. ಮೊದಲ ವರ್ಷ ಈ ಪೆಟ್ಟಿಗೆಯ ಮೇಲೆ ಬಣ್ಣ ಹಚ್ಚಿ ಮುಗಿಸಿದ ಜೋಡಿಯ ಚಿತ್ರವನ್ನು ಅಚ್ಚು ಹಾಕಿಸಿದ್ದೆವು, ಅದು ದೊಡ್ಡ ತಪ್ಪಾಯಿತು. ಅಂಗಡಿಯಲ್ಲಿ ಕುಳಿತು ಬಣ್ಣ ಹಚ್ಚುತ್ತಿದ್ದ ಮಕ್ಕಳ ಪಕ್ಕದಲ್ಲಿ ನಿಂತು ತಾಯ್ತಂದೆಯರು ಆ ಚಿತ್ರ ತೋರಿಸಿ, ರಾಜನ ಮುಖಕ್ಕೆ ಹಸಿರು ಹಾಕಬಾರದೆಂದು ತಿದ್ದುತ್ತಿದ್ದರು. ಮುಂದಿನ ಅಚ್ಚಿನಲ್ಲಿ ಚಿತ್ರವನ್ನು ತೆಗೆದು ಬರಿಯ ಮರದ ಜೋಡಿಯನ್ನೇ ತೋರಿಸಿದೆವು. ಮಾರಾಟ ಸ್ವಲ್ಪ ತಗ್ಗಿತು, ಆದರೂ ಚಿತ್ರವನ್ನು ಮತ್ತೆ ಹಾಕಿಲ್ಲ. ಮಗು ತೀರ್ಮಾನಿಸಬೇಕಾದದ್ದನ್ನು ನಾವೇ ಪೆಟ್ಟಿಗೆಯ ಮೇಲೆ ತೀರ್ಮಾನಿಸಿ ಕೊಟ್ಟರೆ ಬಣ್ಣ ಬಿಟ್ಟುಕೊಟ್ಟದ್ದಕ್ಕೆ ಏನು ಅರ್ಥ?

ಅತಿ ದೊಡ್ಡ ನಷ್ಟವೂ ಈ ಗೊಂಬೆಗಳಿಂದಲೇ ಆಯಿತು. ಬೆಂಗಳೂರಿನ ಕೊಳ್ಳುಗರೊಬ್ಬರು ದಸರೆಗೆಂದು 400 ಜೋಡಿ ಕೇಳಿದರು. ಹಾಲೆ ಮರವನ್ನು ಕಡಿದ ಮೇಲೆ ಸಿಪ್ಪೆ ಸುಲಿದು, ತುದಿಗಳಿಗೆ ಮೇಣ ಹಚ್ಚಿ, ನೆರಳಿನಲ್ಲಿ ಎರಡು ಮೂರು ತಿಂಗಳು ಒಣಗಿಸಬೇಕು. ನಾವು ಆತುರಪಟ್ಟು ಐದು ವಾರಕ್ಕೇ ಕಡೆದೆವು, ಆಮೇಲೆ ಆಗಸ್ಟಿನ ತೇವದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮುಚ್ಚಿಟ್ಟೆವು. ತೆರೆದಾಗ ಬಿಳಿಯ ಮರದ ಮೇಲೆ ನೀಲಿಗಪ್ಪು ಕಲೆಗಳು ಹರಡಿದ್ದವು. ಈ ಬೂಷ್ಟು ಹಸಿ ಹಾಲೆ ಮರಕ್ಕೆ ಬೇಗ ಹಿಡಿಯುತ್ತದೆ, ಮರದ ಒಳಕ್ಕೆ ಇಳಿಯುವುದರಿಂದ ಉಜ್ಜಿದರೆ ಹೋಗುವುದಿಲ್ಲ. ಅರಗಿನ ಗೊಂಬೆಯಾಗಿದ್ದರೆ ಕಲೆ ಬಣ್ಣದ ಕೆಳಗೆ ಅಡಗುತ್ತಿತ್ತು. ಅಮ್ಮ ಆ 800 ಗೊಂಬೆಗಳನ್ನು ನೀರೊಲೆಗೆ ಹಾಕುವಾಗ ಯಾರೂ ಮಾತನಾಡಲಿಲ್ಲ. ಆ ಮೇಲೆ ತೇವ ಅಳೆಯುವ ಸಣ್ಣ ಯಂತ್ರವೊಂದನ್ನು ಕೊಂಡೆವು. ನೂರಕ್ಕೆ 12ಕ್ಕಿಂತ ಹೆಚ್ಚು ತೇವ ತೋರಿಸಿದ ಮರ ಲೇತಿಗೆ ಏರುವುದಿಲ್ಲ, ಹೊದಿಕೆಯೂ ಕಾಗದದ್ದೇ. ದಸರೆಯ ಮರವನ್ನು ಸಂಕ್ರಾಂತಿ ಕಳೆದ ಕೂಡಲೇ ಕೊಂಡು ಒಣಗಲು ಇಡುತ್ತೇವೆ.

2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ವಾಹನಗಳು ನಮ್ಮ ಊರಿನೊಳಗೆ ಬಾರದೆ ಹೊರಗಿನಿಂದಲೇ ಹೋಗುತ್ತಿವೆ. ಹಳೆಯ ರಸ್ತೆಯಲ್ಲಿ ನಿಂತು ಗೊಂಬೆ ಕೊಳ್ಳುತ್ತಿದ್ದವರು ಬಹಳ ಕಡಿಮೆಯಾಗಿದ್ದಾರೆ. ಈಗ ನಮ್ಮ ಮನೆಯ ಸಂಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬಣ್ಣದ ಪೆಟ್ಟಿಗೆಗಳಿಂದ ಬರುತ್ತದೆ. ಹೆಚ್ಚಿನವು ಅಂಚೆಯಲ್ಲಿ ಹೋಗುತ್ತವೆ, ಉಳಿದವು ಶಾಲೆಗಳಿಗೆ. ಕಡೆಯುವುದು ನಾನು ಮತ್ತು ತಮ್ಮ, ಉಜ್ಜುವುದು ಹೆಂಡತಿಯರಿಬ್ಬರು, ಡಬ್ಬಿ ತುಂಬುವುದು ಅಮ್ಮ. ಬೇರೆಯವರಿಗೆ ಕೆಲಸ ಕೊಡುವಷ್ಟು ಬೇಡಿಕೆ ದಸರೆಗೆ ಮಾತ್ರ ಬರುತ್ತದೆ.

ತಂದೆಯವರು ಕಳೆದ ವರ್ಷದಿಂದ ಬುಗುರಿಯಲ್ಲಿ ಒಂದು ಬದಲಾವಣೆ ತಂದಿದ್ದಾರೆ. ಬಿಲ್ಲೆಯ ಕೆಳಗೆ ಉಳಿಯಿಂದ ಸಣ್ಣ ತೋಡೊಂದನ್ನು ಕೊರೆದು, ಅದರಿಂದ ಕೆಳಗಿನ ಕಾಲಿಗೆ ತಾವೇ ಅರಗು ಹಚ್ಚಿ ಕೇದಗೆಯ ಗರಿಯಿಂದ ಹೊಳಪು ಕೊಡುತ್ತಾರೆ, ತೋಡಿನಿಂದ ಮೇಲಿನ ಬರಿಮರವನ್ನು ಮಗುವಿಗೆ ಬಿಡುತ್ತಾರೆ. ಮಗುವಿನ ನೀರಿನ ಬಣ್ಣ ಜಾರಿ ಕೆಳಗಿಳಿದರೂ ಅರಗಿಗೆ ಹತ್ತುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಅವರಿಗೀಗ 74 ವರ್ಷ, ದಿನಕ್ಕೆ 30 ಬುಗುರಿಗಳಿಗಿಂತ ಹೆಚ್ಚು ಆಗುವುದಿಲ್ಲ, ಆದ್ದರಿಂದ ಅಷ್ಟನ್ನೇ ಮಾರುತ್ತೇವೆ.